ರಾಜ್ಯಶ್ರೀಯನ್ನು ಕಚ್ಚಿದ ಸುಬ್ಬಾರಾವ್

"ಗದ್ದ ಇಲ್ಲಿಡಿ. ಹಣೆ ಒತ್ತಿ ಹಿಡಿಯಿರಿ. ರೆಪ್ಪೆ ಬಡಿಯಬೇಡಿ," ಎಂದು ತೆಲುಗಿನಲ್ಲಿ ಹೇಳಿ, ರಾಜ್ಯಶ್ರೀ ಯಂತ್ರದ ನೀಲಿ ಬೆಳಕನ್ನು ಎದುರಿಗಿದ್ದ ಯುವಕನ ಬಲಗಣ್ಣಿಗೆ ಬಿಟ್ಟಳು.

ಕಣ್ಣು ಕೆಂಪಡರಿತ್ತು. ಕಪ್ಪುಗುಡ್ಡೆಯ ಅಂಚಿನಲ್ಲಿ ಸಣ್ಣದೊಂದು ಗೀರು.

"ಹೆಂಡ್ತಿ ಉಗುರ ಇರಬೇಕು... ಚಲೋ ಪರಚ್ಯಾಳ!" ಎಂದು ತನ್ನಷ್ಟಕ್ಕೆ ಗೊಣಗಿದಳು. ವಿಶಾಖಪಟ್ಟಣದ ಕಣ್ಣಿನ ಆಸ್ಪತ್ರೆಯಲ್ಲಿ ರಾಣೆಬೆನ್ನೂರಿನ ಕನ್ನಡ ಯಾರಿಗೆ ತಿಳಿಯಬೇಕು ಎಂಬ ಧೈರ್ಯ ಅವಳದು.

"ಹೆಂಡತಿ ಇಲ್ಲ ರೀ. ಸುಬ್ಬಾರಾವ್ ಮಾಡಿದ್ದು," ಅಂದಿತು ಯಂತ್ರದ ಆಚೆಗಿನ ಬಾಯಿ... ಅದೂ ಕನ್ನಡದಲ್ಲಿ!

ರಾಜ್ಯಶ್ರೀಯ ಮುಖ ಬಿಸಿಯಾಯಿತು. ಕುರ್ಚಿಯಿಂದ ಎದ್ದು ಓಡೋಣವೆಂದರೆ ಹೊರಗೆ ಇನ್ನೂ ಇಪ್ಪತ್ತು ಜನ ಸರದಿಯಲ್ಲಿ ಕೂತಿದ್ದರು.

"ಯಾ... ಯಾರ್ರಿ ಅವ ಸುಬ್ಬಾರಾವ್? ಪೊಲೀಸ್ರಿಗೆ ಹೇಳಿಲ್ಲೇನು?"

"ಅವನಿಗೆ ಹದಿನೇಳು ವರ್ಷ. ತೂಕ ತೊಂಬತ್ತು ಗ್ರಾಂ. ಯಾವ ಕೇಸ್ ಹಾಕ್ತಾರೆ ಹೇಳಿ?"

ಯಂತ್ರದ ಎರಡೂ ಕಡೆಯಿಂದ ಒಟ್ಟಿಗೆ ನಗು ಹೊರಟಿತು. ಸುಬ್ಬಾರಾವ್ ಅಂದರೆ ಅವನು ಸಾಕಿದ ಕಾಕಟೀಲ್. ಗಿಣಿಯ ಜಾತಿಯದೇ, ಬೂದು ಮೈ, ಹಳದಿ ಮುಖ, ಕೆನ್ನೆಗೆ ಎರಡು ಕಿತ್ತಳೆ ಬೊಟ್ಟು, ತಲೆಯ ಮೇಲೊಂದು ಜುಟ್ಟು. ಇತ್ತೀಚೆಗೆ ಸುಮ್ಮಸುಮ್ಮನೆ ಬೆಚ್ಚಿ ರೆಕ್ಕೆ ಬಡಿಯುತ್ತಾನಂತೆ. ಹಾಗೆ ಬಡಿದದ್ದೇ ಕಣ್ಣಿಗೆ ತಾಗಿತ್ತು.

ಯುವಕನ ಹೆಸರು ಯಶ್ವಂತ್. ತಂದೆ ತುಮಕೂರಿನವರು, ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯವಾಡಕ್ಕೆ ಬಂದು ಅಲ್ಲೇ ಮನೆ ಕಟ್ಟಿ, ಅಲ್ಲೇ ತೀರಿಕೊಂಡರು. ಮಗನೂ ಬ್ಯಾಂಕಿನವನೇ. ಈಗ ವಿಶಾಖಪಟ್ಟಣದಲ್ಲಿ ಕೆಲಸ, ಪೆಂಡುರ್ತಿಯಲ್ಲಿ ಬಾಡಿಗೆ ಮನೆ.

ಗೀರು ಒಂದು ವಾರಕ್ಕೆ ಮಾಯಿತು. ಆದರೆ ಅವನು ತಿಂಗಳುಗಟ್ಟಲೆ ಕಣ್ಣು ತೋರಿಸಲು ಬಂದ. ಹತ್ತನೇ ಸಲ ಬಂದಾಗ ಅವಳೇ ಹೇಳಿದಳು, "ನಿಮ್ಮ ಕಣ್ಣಿಗೇನೂ ಆಗಿಲ್ಲ ಬಿಡ್ರಿ. ಹೊರಗ ಎಲ್ಲಾರ ಭೆಟ್ಟಿ ಆಗೋಣು."

ಸಿಂಹಾಚಲಂ ಮೆಟ್ಟಿಲು ಹತ್ತಿದರು, ಸಮುದ್ರದ ಮುಂದೆ ಕೂತು ಜೋಳದ ತೆನೆ ತಿಂದರು. ಎಂಟು ತಿಂಗಳಿಗೆ ಎರಡೂ ಮನೆಯವರು ಫೋನಿನಲ್ಲೇ ಒಪ್ಪಿದರು. ರಾಜ್ಯಶ್ರೀಯ ಅಪ್ಪ ಅವ್ವ ರಾಣೆಬೆನ್ನೂರಿನಿಂದ ಬಂದು ಭಾನುವಾರವೊಂದನ್ನು ನೋಡಿ ನಿಶ್ಚಯ ಮಾಡುವುದೆಂದು ಮಾತಾಯಿತು.

ಎಲ್ಲವೂ ಸರಿಯಿತ್ತು. ಸುಬ್ಬಾರಾವ್ ಒಬ್ಬನನ್ನು ಬಿಟ್ಟು!

ಮೊದಲ ಸಲ ಪೆಂಡುರ್ತಿಯ ಮನೆಗೆ ಹೋದ ದಿನ ಅವಳು ಪಂಜರದ ಹತ್ತಿರ ಬೆಕ್ಕಿನ ಹೆಜ್ಜೆ ಇಟ್ಟು ಹೋಗಿದ್ದಳು. ವಯಸ್ಸಾದ ಜೀವ, ಹೆದರಿಸಬಾರದು ಎಂಬ ಕಾಳಜಿ. ಮೊದಲೇ ಅವಳದು ಸದ್ದಿಲ್ಲದ ಸ್ವಭಾವ. ಆಸ್ಪತ್ರೆಯಲ್ಲಿ ಬಳೆ ತೊಡುವಂತಿಲ್ಲ, ಕಾಲಿಗೆ ಮೆತ್ತನೆ ಬೂಟು. ಮೆಲ್ಲನೆ ಬೆರಳು ಚಾಚಿದಳು.

"ಹಿಸ್ಸ್ಸ್!"

ಹಾವಿನಂತೆ ಬುಸುಗುಟ್ಟಿ ಸುಬ್ಬಾರಾವ್ ಅವಳ ಬೆರಳು ಕಚ್ಚಿಯೇ ಬಿಟ್ಟ. ರಕ್ತ ಚಿಮ್ಮಿತು!

"ಅಯ್ಯೋ! ಅವನು ಹೀಗೆ ಮಾಡಲ್ಲ ರಾಜೀ... ಈಗೀಗ ಏನೋ ಆಗಿದೆ," ಎಂದು ಯಶ್ವಂತ್ ಹತ್ತಿ ಹುಡುಕಲು ಓಡಿದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಅವನು ಬೆರಳು ಒತ್ತಿ ಅದನ್ನು ಪಂಜರಕ್ಕೆ ಒರಗಿಸಿಟ್ಟ.

"ಒರೇಯ್ ಸುಬ್ಬಾರಾವ್! ಬಾಗುನ್ನಾವಾ?" ಎಂದು ಫೋನಿನೊಳಗಿಂದ ತೆಲುಗಿನಲ್ಲಿ ಕ್ಷೇಮ ಕೇಳುವ ಒಂದು ಹೆಣ್ಣುದನಿ ಮನೆ ತುಂಬ ಮೊಳಗಿತು. ಜೊತೆಗೆ ಡಜನ್ ಗಾಜಿನ ಬಳೆಗಳ ಸದ್ದು.

ಏನಾಶ್ಚರ್ಯ! ಸುಬ್ಬಾರಾವ್‌ನ ಜುಟ್ಟು ನೆಟ್ಟಗಾಯಿತು. ಎದೆಯುಬ್ಬಿಸಿ ಸಿಳ್ಳೆ ಹೊಡೆಯಲು ಶುರು ಮಾಡಿದ.

'ನನಗಾದರೆ ಕಚ್ಚುವುದು... ಅವಳಿಗಾದರೆ ಸಿಳ್ಳೆ!'

"ಶ್ರಾವಣಿ. ವಿಜಯವಾಡದಲ್ಲಿ ನಮ್ಮ ಪಕ್ಕದ ಮನೆ," ಎಂದ ಯಶ್ವಂತ್, ಅವಳ ಬೆರಳಿಗೆ ಹತ್ತಿ ಸುತ್ತುತ್ತ. ಅಷ್ಟೇ ಹೇಳಿದ.

ಆ ಅಷ್ಟರಲ್ಲಿ ಎಷ್ಟು ಅಡಗಿತ್ತು ಎಂಬುದು ಮುಂದಿನ ವಾರ ಗೊತ್ತಾಯಿತು. ಅವನ ಪುಸ್ತಕದೊಳಗಿಂದ ಒಂದು ಫೋಟೋ ಜಾರಿ ಬಿತ್ತು. ಕಾಲೇಜಿನ ವಯಸ್ಸಿನ ಯಶ್ವಂತ್. ಪಕ್ಕದಲ್ಲಿ ಕೈತುಂಬ ಗಾಜಿನ ಬಳೆ ತೊಟ್ಟು ನಗುವ ಹುಡುಗಿ, ಅವಳ ಭುಜದ ಮೇಲೆ ಸುಬ್ಬಾರಾವ್. ಇಬ್ಬರ ಕಿರುಬೆರಳುಗಳೂ ಒಂದಕ್ಕೊಂದು ಹೆಣೆದುಕೊಂಡಿದ್ದವು.

ಕೇಳಿದ್ದರೆ ಐದು ನಿಮಿಷದಲ್ಲಿ ಮುಗಿಯುವ ಮಾತು. ಆದರೆ ನಮ್ಮ ರಾಜ್ಯಶ್ರೀ ಕೇಳುವವಳೇ? ಫೋಟೋವನ್ನು ಇದ್ದ ಪುಟದಲ್ಲೇ ಇಟ್ಟು, ತುಟಿಪಿಟಕ್ ಎನ್ನದೆ ಅಡುಗೆಮನೆಗೆ ಹೋಗಿ ಇದ್ದ ಪಾತ್ರೆಗಳನ್ನೆಲ್ಲ ತೊಳೆದಳು. ತೊಳೆದಿಟ್ಟಿದ್ದ ಪಾತ್ರೆಗಳನ್ನೂ ಮತ್ತೊಮ್ಮೆ ತೊಳೆದಳು.

ಅಂದಿನಿಂದ ಅವಳಿಗೆ ಮೈಯೆಲ್ಲ ಕಿವಿ. ಶ್ರಾವಣಿ ವಾರಕ್ಕೆ ಎಷ್ಟು ಸಲ ಫೋನ್ ಮಾಡುತ್ತಾಳೆ, ಎಷ್ಟು ಹೊತ್ತು ಮಾತಾಡುತ್ತಾಳೆ, ಸುಬ್ಬಾರಾವ್ ಎಷ್ಟು ಸಲ ಸಿಳ್ಳೆ ಹೊಡೆಯುತ್ತಾನೆ... ಎಲ್ಲ ಮನಸ್ಸಿನಲ್ಲಿ ಜಮೆಯಾಗುತ್ತಿತ್ತು. ಆ ಹೆಣ್ಣಿನ ಬಳೆಯ ಸದ್ದು ಕೇಳಿದರೆ ಸಾಕು, ತೊಳೆದಿಟ್ಟ ಪಾತ್ರೆಗಳ ಕಡೆ ಮತ್ತೆ ಕೈ ಹೋಗುತ್ತಿತ್ತು.

ಸುಬ್ಬಾರಾವ್‌ನ ವರ್ತನೆಯೂ ದಿನದಿಂದ ದಿನಕ್ಕೆ ವಿಚಿತ್ರವಾಯಿತು. ಹಾರುವುದನ್ನು ಬಿಟ್ಟ. ಒಂದೇ ಮೂಲೆಯಲ್ಲಿ ಕೂರುತ್ತಿದ್ದ. ಯಶ್ವಂತ್ ಒಂದು ಗಳಿಗೆ ಸುಮ್ಮನಾದರೂ ಕೀಚಲು ದನಿಯಲ್ಲಿ ಕರೆಯುತ್ತಿದ್ದ. ದನ, ನಾಯಿ ನೋಡುವ ಊರ ಡಾಕ್ಟರು, "ವಯಸ್ಸಾಯಿತಲ್ಲ ಸಾರ್," ಎಂದು ಕೈ ಚೆಲ್ಲಿದರು.

'ವಯಸ್ಸೂ ಅಲ್ಲ, ಮಣ್ಣೂ ಅಲ್ಲ. ಹಳೆಯ ಗೆಳತಿಯ ನೆನಪು ಹತ್ತಿದೆ ಇದಕ್ಕೆ. ನಾನು ಹೊರಗಿನವಳು ಅಂತ ತಿಳಿದುಬಿಟ್ಟಿದೆ!'

ಆದರೂ ಸೋಲಲು ಮನಸ್ಸಿಲ್ಲ. ಹಕ್ಕಿಯನ್ನು ಒಲಿಸಿಯೇ ತೀರುತ್ತೇನೆಂದು ಹಟ ಹಿಡಿದಳು. ರಾಣೆಬೆನ್ನೂರಿನಿಂದ ಅವ್ವನಿಂದ ಒಳ್ಳೆಯ ನವಣೆ ತರಿಸಿಕೊಂಡಳು. ನಿಶ್ಚಯಕ್ಕೆ ಇನ್ನೊಂದು ವಾರವಿದೆ ಅನ್ನುವಾಗ, ದೊಡ್ಡದೊಂದು ಹೊಸ ಪಂಜರ ತಂದಳು. ಎರಡು ಅಂತಸ್ತು, ಏಣಿ, ಉಯ್ಯಾಲೆ, ಬಣ್ಣಬಣ್ಣದ ಬಟ್ಟಲು. ತಾನೇ ಕೂತು ಜೋಡಿಸಿ, ಸುಬ್ಬಾರಾವ್‌ನನ್ನು ಅದರೊಳಗೆ ಬಿಡಿಸಿದಳು.

ಸುಬ್ಬಾರಾವ್ ಹೊಸ ಅರಮನೆಯ ನೆಲದ ಮೇಲೆ ಮುದುಡಿ ಕೂತ. ಒಂದು ದಿನ ತಿನ್ನಲಿಲ್ಲ. ಎರಡನೆಯ ದಿನವೂ ತಿನ್ನಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಡ್ಯೂಟಿಗೆ ಮೊದಲು ಒಮ್ಮೆ ನೋಡಿಬರೋಣವೆಂದು ರಾಜ್ಯಶ್ರೀ ಹೋದರೆ, ಮನೆಯ ಬಾಗಿಲಲ್ಲಿ ಅಪರಿಚಿತ ಚಪ್ಪಲಿ. ಅಂಗಳದಲ್ಲಿ ವಿಜಯವಾಡದ ಕಾರು. ಒಳಗಿನಿಂದ ಅದೇ ಬಳೆ, ಅದೇ ದೊಡ್ಡ ದನಿ!

"ಏಮ್ರಾ, ಊಟ ಬಿಟ್ಟಿದ್ದೀಯಂತೆ? ಇಗೋ ಬಂದೆ ನಾನು. ನೋಡು, ಇಲ್ಲಿದೆ ಬಟ್ಟಲು, ಇಲ್ಲಿ..." ಎಂದು ತೆಲುಗಿನಲ್ಲಿ ಹೇಳುತ್ತ ಶ್ರಾವಣಿ ಬಟ್ಟಲಿನ ಅಂಚಿಗೆ ಉಗುರಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದಳು. ಸುಬ್ಬಾರಾವ್ ತೂರಾಡುತ್ತ ಸದ್ದಿನ ಕಡೆ ಬಂದ. ಬಂದವನೇ ಅವಳ ಅಂಗೈಗೆ ಕೊಕ್ಕು ಹಾಕಿದ.

ತಿಂದದ್ದು ಏನು ಗೊತ್ತೇ? ನವಣೆ! ರಾಜ್ಯಶ್ರೀಯ ಅವ್ವ ಕೇರಿ ಹಸನು ಮಾಡಿ ಕಳಿಸಿದ್ದ ನವಣೆ!

"ತಿಂದ ಕಣೇ! ತಿಂದ!" ಯಶ್ವಂತ್ ಸಂಭ್ರಮದಲ್ಲಿ ಕನ್ನಡದಲ್ಲೇ ಕೂಗಿ ಮಕ್ಕಳಂತೆ ಕುಣಿದ. ಕಣ್ಣಲ್ಲಿ ನೀರಿತ್ತು.

'ಕಣೇ ಅಂತೆ... ಕಣೇ!'

ಶ್ರಾವಣಿ ತಿರುಗಿ ನೋಡಿ ಬೆಚ್ಚಿದಳು. "ಅಮ್ಮೋ! ಯಾವಾಗ ಬಂದಿರಿ? ಗೊತ್ತೇ ಆಗಲಿಲ್ಲ!"

"ನಾ ಬಂದದ್ದು ಇಲ್ಲಿ ಯಾರಿಗೂ ಗೊತ್ತಾಗೂದಿಲ್ಲ," ಎಂದಳು ರಾಜ್ಯಶ್ರೀ. ಹೊರಗೆ ಹೊರಟೇಬಿಟ್ಟಳು.

ಯಶ್ವಂತ್ ಗೇಟಿನವರೆಗೆ ಓಡಿಬಂದ. "ಏನಾಯ್ತು ರಾಜೀ? ಅವನು ಸಾಯ್ತಾನೆ ಅಂತ ಭಯ ಆಗಿ ಫೋನ್ ಮಾಡಿದೆ. ರಾತ್ರಿಯೇ ಹೊರಟು ಬಂದಳು."

"ಭಾನುವಾರ ಬ್ಯಾಡ. ನಮ್ಮ ಅಪ್ಪ ಅವ್ವಗ ಬರಬ್ಯಾಡ್ರಿ ಅಂತ ಹೇಳ್ತೀನಿ."

ಅವನ ಮುಖ ಬಿಳಿಚಿತು. "ಯಾಕೆ?"

ಈಗ ಹೇಳಬಹುದಿತ್ತು. ಫೋಟೋದ ವಿಷಯ, ಬಳೆಯ ವಿಷಯ, ಹೊಟ್ಟೆಯೊಳಗಿನ ಉರಿಯ ವಿಷಯ... ಬಾಯಿ ಬರಲಿಲ್ಲ.

"ಸುಬ್ಬಾರಾವ್ ಕಚ್ಚುತ್ತಾನೆ ಅಂತಾನಾ?" ಎಂದು ಅವನೇ ಕೇಳಿದ.

ಮುಳುಗುವವಳಿಗೆ ಒಂದು ನೆಪ ಸಿಕ್ಕಿತು. "ಹೌದ್ರಿ! ಆ ಹಕ್ಕಿ ಇರೋ ಮನಿಗೆ ನಾ ಕಾಲಿಡಂಗಿಲ್ಲ. ಅದರ ಬೇಕು, ಇಲ್ಲಾ ನಾನರ ಬೇಕು!"

ಅವನು ಗೇಟಿನ ಚಿಲಕ ತೆಗೆದ, ಮತ್ತೆ ಹಾಕಿದ. ಆಮೇಲೆ, "ಸರಿ. ಅಮ್ಮನ ಹತ್ತಿರ ಬಿಟ್ಟು ಬರ್ತೀನಿ. ಶನಿವಾರದ ತನಕ ರಜೆ ಹಾಕಿ ಅವನು ಒಗ್ಗಿಕೊಳ್ಳೋವರೆಗೆ ಇರ್ತೀನಿ. ಶ್ರಾವಣಿ ಕಾರಲ್ಲೇ ಹೋಗ್ತೀನಿ," ಎಂದ.

ನೋಡಿದಿರಾ ಅವಳ ಜಾಣತನ! ಯಾರ ನೆರಳು ಅವನ ಮೇಲೆ ಬೀಳಬಾರದೆಂದು ನಿದ್ದೆಗೆಟ್ಟಿದ್ದಳೋ, ಅವಳದೇ ಪಕ್ಕದ ಸೀಟಿನಲ್ಲಿ ಅವನನ್ನು ಕೈಯಾರೆ ಕೂರಿಸಿ ಏಳು ಗಂಟೆಯ ದಾರಿಗೆ ಕಳಿಸಿಕೊಟ್ಟಿದ್ದಳು.

ಗುರುವಾರ, ಶುಕ್ರವಾರ ಅವಳು ಸರಿಯಾಗಿ ಉಣ್ಣಲಿಲ್ಲ. 'ಈಗ ರಾಜಮಂಡ್ರಿ ದಾಟಿರಬೇಕು... ಈಗ ಅವಳ ಮನೆಯಲ್ಲಿ ಕಾಫಿ ಕುಡಿಯುತ್ತಿರಬೇಕು...' ಅಪ್ಪನಿಗೆ ಫೋನ್ ಮಾಡಿದಾಗಲೆಲ್ಲ ಅವರು, "ನಿಮ್ಮವ್ವ ಅವನ ಸಲುವಾಗಿ ಇಳಕಲ್ ಅಂಚಿನ ಧೋತರ ತಗೊಂಡಾಳವಾ," ಎಂದು ಸಂಭ್ರಮಿಸುವರು. ಬರಬೇಡಿ ಅನ್ನದೆಯೇ ಅವಳು ಫೋನು ಇಡುವಳು. ಶನಿವಾರ ಬೆಳಿಗ್ಗೆ ಅವರು ರೈಲು ಹತ್ತಿದರು. ಭಾನುವಾರ ನಸುಕಿಗೆ ವಿಜಯವಾಡದಲ್ಲಿ ರೈಲು ಬದಲಿಸಿ, ಮಧ್ಯಾಹ್ನಕ್ಕೆ ವಿಶಾಖಪಟ್ಟಣ.

ಶನಿವಾರ ಹನ್ನೊಂದರ ಹೊತ್ತಿಗೆ ಅನಕಾಪಲ್ಲಿಯ ಬೆಲ್ಲದ ಮಂಡಿಯವರ ಮನೆಯ ಅಜ್ಜಿಯೊಬ್ಬಳು ಪರೀಕ್ಷೆಗೆ ಬಂದಳು. ಹೆಸರು ಕನಕಲಕ್ಷ್ಮಿ. ಕರೆದುಕೊಂಡು ಬಂದ ಸೊಸೆಗೆ ಅಳುವೊಂದೇ ಬಾಕಿ.

"ಮೇಡಂ, ನನ್ನನ್ನು ಕಂಡರೆ ಇವರಿಗೆ ಆಗುವುದೇ ಇಲ್ಲ. ಅಡುಗೆಮನೆ ಚೆಂದ ಮಾಡಿ ಡಬ್ಬಿಗಳನ್ನೆಲ್ಲ ಹೊಸದಾಗಿ ಜೋಡಿಸಿದೆ. ಅಂದಿನಿಂದ ಒಳಗೇ ಬರುವುದಿಲ್ಲ. ಊಟ ಕೊಡಲು ಹೋದರೆ ಕೈ ಕೊಡವಿ ಬೈಯುತ್ತಾರೆ. ಪಕ್ಕದ ಮನೆಯವಳು ಬಂದರೆ ಮಾತ್ರ ನಗುನಗುತ್ತ ಮಾತು!"

"ಅವಳು ಬೀದಿಯಿಂದಲೇ 'ಅತ್ತಾ' ಅಂತ ಕೂಗಿಕೊಂಡು ಬರ್ತಾಳೆ," ಎಂದು ಅಜ್ಜಿ ಸಿಡುಕಿದಳು. "ನೀನು ಕಳ್ಳಿಯ ಹಾಗೆ ಬಂದು ಮುಖದ ಮುಂದೆ ಕೈ ಚಾಚಿದರೆ ಯಾರೆಂದು ತಿಳಿಯಲಿ? ಎದೆ ಝಲ್ ಅನ್ನುತ್ತೆ!"

ರಾಜ್ಯಶ್ರೀ ಅಜ್ಜಿಯ ಕಣ್ಣಿಗೆ ಬೆಳಕು ಬಿಟ್ಟಳು. ಎರಡೂ ಕಣ್ಣಲ್ಲಿ ಬಲಿತ ಪೊರೆ, ಹಾಲು ಚೆಲ್ಲಿದಂತೆ ಬೆಳ್ಳಗೆ.

ಅವಳ ಕೈ ಅಲ್ಲೇ ನಿಂತಿತು.

'ಬಟ್ಟಲಿಗೆ ಟಕ್ ಟಕ್... ಗಾಜಿನ ಬಳೆ... ಬೆಕ್ಕಿನ ಹೆಜ್ಜೆ ಇಟ್ಟು ಹೋದವಳು ನಾನು. ಹೊಸ ಪಂಜರ ತಂದವಳು ನಾನು... ದೇವರೇ!'

ಅಜ್ಜಿಗೆ ಆಪರೇಷನ್ನಿನ ಚೀಟಿ ಬರೆದುಕೊಟ್ಟು ಫೋನು ತೆಗೆದಳು. ಯಶ್ವಂತ್ ಕಳಿಸಿದ್ದ ಸುಬ್ಬಾರಾವ್‌ನ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದಳು. ಕರಿಮಣಿಯಂತೆ ಇರಬೇಕಾದ ಕಣ್ಣಿನ ನಡುವೆ ಬೂದುಬಿಳಿ ಮಬ್ಬು. ದಿನಕ್ಕೆ ಐವತ್ತು ಜನರ ಕಣ್ಣಲ್ಲಿ ಇದನ್ನೇ ಹುಡುಕುವವಳು, ಇಷ್ಟು ದಿನ ಆ ಹಕ್ಕಿಯ ಮುಖವನ್ನು ಒಂದು ಸಲವಾದರೂ ಸರಿಯಾಗಿ ನೋಡಿರಲಿಲ್ಲ. ಸವತಿಯ ಗೂಢಚಾರನನ್ನು ನೋಡಿದಂತೆ ನೋಡಿದ್ದಳು!

ಯಶ್ವಂತ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅರ್ಧ ದಿನದ ರಜೆ ಹಾಕಿ, ಉಟ್ಟ ಬಟ್ಟೆಯಲ್ಲೇ ರೈಲು ಹತ್ತಿದಳು.

ವಿಜಯವಾಡದ ಸತ್ಯನಾರಾಯಣಪುರಂನಲ್ಲಿ ಅವನ ಮನೆಯ ಬಾಗಿಲು ತೆರೆದಾಗ ಇನ್ನೂ ದೀಪ ಹಚ್ಚುವ ಹೊತ್ತು. ಯಶ್ವಂತ್‌ನ ತಾಯಿ ಕಮಲಾಕ್ಷಿ ಗಾಬರಿಯಾದರು. "ಏನಮ್ಮಾ, ಒಬ್ಬಳೇ ಬಂದೆಯಾ? ನಾಳೆ ನಾವೇ ಹೊರಡೋರಿದ್ವಿ ಕಣೇ, ಇವನು ನೋಡಿದರೆ ನೀನೇ ಭಾನುವಾರ ಬೇಡ ಅಂದೆ ಅಂತಾನೆ..."

ಒಳಗೆ ಪಂಜರದ ಮುಂದೆ ಯಶ್ವಂತ್ ನೆಲಕ್ಕೆ ಕೂತಿದ್ದ. ಪಕ್ಕದಲ್ಲಿ ಶ್ರಾವಣಿ. ಆ ಎರಡು ಬೆನ್ನುಗಳನ್ನು ಒಟ್ಟಿಗೆ ಕಂಡಾಗ ರಾಜ್ಯಶ್ರೀಗೆ ಮತ್ತೆ ಉರಿಯಿತು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಉರಿಯಿತು. ಆದರೆ ಈ ಸಲ ಅವಳು ಹಿಂದಿರುಗಲಿಲ್ಲ.

ಹೊಸ್ತಿಲಲ್ಲೇ ನಿಂತು, ಎಂದೂ ಎತ್ತದ ದನಿ ಎತ್ತಿ ಕೂಗಿದಳು.

"ಸುಬ್ಬಾರಾವ್! ನಾನು... ರಾಜ್ಯಶ್ರೀ ಬಂದೀನಿ!"

ಯಶ್ವಂತ್ ಥಟ್ಟನೆ ತಿರುಗಿದ. ಪಂಜರದೊಳಗಿನ ಪುಟ್ಟ ತಲೆಯೂ ಓರೆಯಾಯಿತು.

"ನಾ ನಿನ್ನ ಕಡೆನ ಬರಾಕತ್ತೀನಿ. ಈಗ ಮೇಜಿನ ಹತ್ರ ಅದೀನಿ. ಈಗ ನಿನ್ನ ಮುಂದ." ಪಂಜರದ ಸರಳಿಗೆ ಉಗುರಿನಿಂದ ಬಡಿದಳು. "ಇದು ನನ್ನ ಬೆರಳು. ನೀ ಕಚ್ಚಿದ್ದಿಯಲ್ಲ, ಅದ."

ಸುಬ್ಬಾರಾವ್ ಬುಸುಗುಟ್ಟಲಿಲ್ಲ. ಸದ್ದಿನ ಕಡೆ ಎರಡು ಹೆಜ್ಜೆ ಬಂದ. ಜುಟ್ಟು ಅರ್ಧ ಎದ್ದಿತು. ಕೊಕ್ಕಿನಿಂದ ಅವಳ ಬೆರಳನ್ನು ಮುಟ್ಟಿ, ಮುಟ್ಟಿ ನೋಡಿ, ತಲೆ ತಗ್ಗಿಸಿ ಕತ್ತು ತುರಿಸೆಂದು ನಿಂತ.

ಅವಳಿಗೆ ಅಳು ತಡೆಯಲಾಗಲಿಲ್ಲ. ಚೀಲದಿಂದ ಪುಟ್ಟ ಟಾರ್ಚ್ ತೆಗೆದು ಪಕ್ಕದಿಂದ ಬೆಳಕು ಹಾಯಿಸಿದಳು.

"ಎರಡೂ ಕಣ್ಣಿಗೆ ಪೊರೆ ಬಂದೈತ್ರಿ. ಇವಂಗ ಏನೂ ಕಾಣ್ಸೂದಿಲ್ಲ."

"ಕಾಣಿಸಲ್ವಾ?" ಯಶ್ವಂತ್‌ನ ದನಿ ಒಡೆಯಿತು. "ಮತ್ತೆ ನನ್ನ ಹತ್ತಿರ ಓಡಿ ಬರ್ತಿದ್ದನಲ್ಲಾ!"

"ನೀವು ಗೇಟಿನಿಂದಲೇ ಸಿಳ್ಳೆ ಹೊಡೀತೀರಿ. ಇವರು ಕೂಗ್ತಾರ. ನಾ ಒಬ್ಬಾಕಿನ ಸುಮ್ಮನ ಬರಾಕಿ. ಅದರ ಮ್ಯಾಲ ಪಂಜರಾನೂ ಬದಲಿ ಮಾಡಿದೆ. ಕುರುಡಂಗ ಅವನ ಮನಿಯೊಳಗ ದಾರಿ ತಪ್ಪಿಸಿಬಿಟ್ಟೆ!"

ಕಣ್ಣು ಒರೆಸಿಕೊಂಡು ಅವಳೇ ಮುಂದುವರಿಸಿದಳು. ಒಮ್ಮೆ ತೆರೆದ ಬಾಯಿ, ಮುಚ್ಚಿದರೆ ಮತ್ತೆ ತೆರೆಯಲಾರದೆಂದು ಅವಳಿಗೆ ಗೊತ್ತಿತ್ತು.

"ಇನ್ನೊಂದು ಐತಿ. ಹಕ್ಕಿ ಕಚ್ಚತೈತಿ ಅಂತ ನಿಶ್ಚಯ ಬ್ಯಾಡ ಅಂದದ್ದಲ್ಲ. ನಂಗ ಹೊಟ್ಟಿಕಿಚ್ಚು ಬಂದಿತ್ತು. ಶ್ರಾವಣಿಯವರ ಮ್ಯಾಲ. ಆ ಫೋಟೋ ನೋಡೀನಿ ನಾ."

ತನ್ನ ಹೆಸರು ಕೇಳಿ ಶ್ರಾವಣಿ ಕಮಲಾಕ್ಷಿಯವರ ಮುಖ ನೋಡಿದಳು. ಅವರು ಮೆಲ್ಲಗೆ ತೆಲುಗಿನಲ್ಲಿ ಹೇಳಿದರು. ಶ್ರಾವಣಿ ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

"ನಿಮ್ಮದು ತಪ್ಪಲ್ಲ," ಎಂದಳು ತೆಲುಗಿನಲ್ಲೇ, ಮೊದಲ ಸಲ ತಗ್ಗಿದ ದನಿಯಲ್ಲಿ. "ನಾಲ್ಕು ವರ್ಷದ ಹಿಂದೆ ಇವನನ್ನು ಬೇಡ ಅಂದದ್ದು ನಾನೇ. ಆಮೇಲೆ ಬೇಕು ಅನ್ನಿಸಿತು. ಸುಬ್ಬಾರಾವ್‌ನ ನೆಪ ಮಾಡಿ ಫೋನ್ ಮಾಡುತ್ತಿದ್ದೆ. ಇವನು ಫೋನನ್ನು ಪಂಜರದ ಮುಂದೆ ಒರಗಿಸಿ, ತಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದ. ಮೊನ್ನೆ ಏಳು ಗಂಟೆ ಕಾರಿನಲ್ಲಿ ಬಂದೆವಲ್ಲ... ಏಳು ಗಂಟೆಯೂ ನಿಮ್ಮದೇ ಮಾತು. ನನ್ನ ಆಸೆ ಅಲ್ಲೇ ಮುಗಿಯಿತು, ತಾಯೀ."

ಅವಳು ಎದ್ದು, ಕಮಲಾಕ್ಷಿಯವರ ಕೈ ಹಿಡಿದು, "ಪದಂಡಿ ಅತ್ತಾ, ಕಾಫಿ ಮಾಡೋಣ," ಎಂದು ಒಳಗೆ ಕರೆದೊಯ್ದಳು. ಅವಳ ಕಣ್ಣಂಚು ಒದ್ದೆಯಾಗಿದ್ದನ್ನು ರಾಜ್ಯಶ್ರೀ ಕಂಡಳು. ಮೊದಲ ಸಲ ಆ ಬಳೆಯ ಸದ್ದು ಅವಳಿಗೆ ಕೆಟ್ಟದೆನಿಸಲಿಲ್ಲ.

ಉಳಿದದ್ದು ಇಬ್ಬರು, ಮತ್ತೆ ರಾಜ್ಯಶ್ರೀಯ ಬೆರಳಿಗೆ ಕತ್ತು ಒಡ್ಡಿ ನಿದ್ದೆ ತೂಗುತ್ತಿದ್ದ ಸುಬ್ಬಾರಾವ್.

"ಫೋಟೋ ವಿಷಯ ನಾನೇ ಹೇಳಬೇಕಿತ್ತು," ಎಂದ ಯಶ್ವಂತ್. "ಹೇಳಿದರೆ ಬಿಟ್ಟು ಹೋಗ್ತೀಯೇನೋ ಅಂತ ಭಯ."

"ಹೇಳದಿದ್ದಕ್ಕ ಬಿಟ್ಟು ಹೋಗಿದ್ದೆ."

"ಈಗ?"

ಅವಳು ಫೋನು ತೆಗೆದು ಒತ್ತಿದಳು. ರೈಲಿನ ಗಡಗಡ ಸದ್ದಿನ ನಡುವೆ ಅಪ್ಪನ ದನಿ ಬಂತು.

"ಅಪ್ಪಾ, ವಿಜಯವಾಡದಾಗ ಇಳೀರಿ. ಮುಂದಿನ ಗಾಡಿ ಹತ್ತಬ್ಯಾಡ್ರಿ. ನಾ ಇಲ್ಲೇ ಅದೀನಿ... ಇವರ ಮನಿಯಾಗ... ಹೌದು, ಎಲ್ಲಾ ಸರಿ ಐತಿ. ಇವರೂ ನಾನೂ ಸ್ಟೇಷನ್ನಿಗೆ ಬರ್ತೀವಿ."

ಫೋನು ಇಟ್ಟಾಗ ಯಶ್ವಂತ್‌ನ ಕಣ್ಣು ತುಂಬಿತ್ತು. ಆದರೂ ಅವನು ಬಿಡಲಿಲ್ಲ. "ಅಪ್ಪಂಗೆ ಹೇಳಿದೆ. ನನಗೆ ಹೇಳಲಿಲ್ಲ."

"ನಿಮ್ಮ ಕಣ್ಣು ಚಲೋ ಅದಾವಲ್ರಿ. ನಾನ ಹತ್ತು ಸಲ ನೋಡೀನಿ. ನನ್ನ ಮುಖ ನೋಡಿದ್ರ ಗೊತ್ತಾಗೂದಿಲ್ಲೇನು?"

"ಗೊತ್ತಾಗುತ್ತೆ ರಾಜೀ. ಆದರೂ ಕೇಳಬೇಕು ಅನ್ಸುತ್ತೆ."

ಅವಳು ಅಡುಗೆಮನೆಯ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು, ಕಿವಿಯವರೆಗೂ ಕೆಂಪಾದಳು.

"ನಂಗ ನೀವು ಬೇಕು."

"ಏನು?"

"ನೀವು ಬೇಕು ಅಂದೆ! ನೀವೂ ಬೇಕು, ಇವನೂ ಬೇಕು. ಕೇಳಿಸ್ತಿಲ್ಲೋ?"

"ಕೇಳಿಸ್ತು," ಎಂದ ಯಶ್ವಂತ್, ಅವಳ ಇನ್ನೊಂದು ಕೈ ಹಿಡಿದು. "ನಾಳೆ ಮತ್ತೆ ಹೇಳು."